ಹಾರ್ಟ್ ಆಪರೇಷನ್ ಆದ ಕೂಸಿಗೆ ಶುಗರ್ ಬಂತೇ?

ಬೆಂಗಳೂರಿನಲ್ಲಿ ಮಗುವಿನ ಹೃದಯದ ಆಪರೇಷನ್ ಮುಗಿಸಿ ದಾವಣಗೆರೆ, ಚಿತ್ರದುರ್ಗದ ಕಡೆಗೆ ಮರಳಿದವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಉತ್ತರಿಸಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹೃದಯದ ರಂಧ್ರ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ. ಅದನ್ನು ನಿಮ್ಮ ಸರ್ಜನ್ ಹೇಳಿರುತ್ತಾರೆ.

ಎರಡು ವರ್ಷದ ಮಗಳಿಗೆ (9 ಕೆ.ಜಿ.) ವಿಎಸ್‌ಡಿ (ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ರಂಧ್ರ) ಆಪರೇಷನ್ ಆಯಿತು. ಐಸಿಯುನಲ್ಲಿ ಶುಗರ್ 248 ಇದ್ದರೂ ಇನ್ಸುಲಿನ್ ಕೊಡಲಿಲ್ಲ. ಎರಡನೇ ದಿನ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಕಸ) 0.3ರಿಂದ 0.9ಕ್ಕೆ ಏರಿತು, ಮನೆಗೆ ಬರುವಾಗ 0.4 ಇತ್ತು. ಶುಗರ್ ಹಾಗೇ ಬಿಟ್ಟಿದ್ದಕ್ಕೆ ಕಿಡ್ನಿಗೆ ಪೆಟ್ಟಾಯಿತು ಅಂತಾರೆ ನೆಂಟರು. ಊರ ಪಂಡಿತರು ಮಧುನಾಶಿನಿ ಕಷಾಯ ಕೊಟ್ಟು, ಅನ್ನ ಬಿಡಿಸಿ ಎಂದಿದ್ದಾರೆ. ಮೂರು ತಿಂಗಳ ಶುಗರ್ ಟೆಸ್ಟ್ ಮಾಡಿಸಲೇ? — ಚಳ್ಳಕೆರೆಯ ತಂದೆ

ಮೊದಲು ಆ ಕಷಾಯ ಚೆಲ್ಲಿ. ಮಗುವಿಗೆ ಅನ್ನ ಕೊಡಿ. ಆಮೇಲೆ ಮುಂದಕ್ಕೆ ಓದಿ.

ನಿಮ್ಮ ಮಗಳಿಗೆ ಬಂದದ್ದು ಸಕ್ಕರೆ ಕಾಯಿಲೆಯಲ್ಲ. ಎದೆ ತೆರೆದು, ರಕ್ತವನ್ನು ಹಾರ್ಟ್-ಲಂಗ್ ಮೆಷಿನ್ನಿಗೆ ಹರಿಸಿದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳನ್ನು ಸುರಿಸುತ್ತದೆ. ಅದರ ಮೇಲೆ ನಾವೂ ಸ್ಟಿರಾಯ್ಡ್, ಅಡ್ರಿನಲಿನ್ ಡ್ರಿಪ್ ಕೊಡುತ್ತೇವೆ. ಇನ್ಸುಲಿನ್ ಇದ್ದರೂ ಕೆಲಸ ಮಾಡದು, ಶುಗರ್ ಏರುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಾನೇ ಇಳಿಯುತ್ತದೆ.

ಇನ್ಸುಲಿನ್ ಕೊಡದೆ ಕಾದದ್ದು ನಿರ್ಲಕ್ಷ್ಯವಲ್ಲ. ಅಮೆರಿಕದಲ್ಲಿ ಹೃದಯದ ಆಪರೇಷನ್ ಆದ, ಮೂರು ವರ್ಷದೊಳಗಿನ 980 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಅರ್ಧ ಮಕ್ಕಳಿಗೆ ಇನ್ಸುಲಿನ್ ಕೊಟ್ಟು ಶುಗರನ್ನು 80–110ರೊಳಗೆ ಹಿಡಿದಿಡಲು ನೋಡಿದರು. ಸೋಂಕೂ ತಗ್ಗಲಿಲ್ಲ, ಸಾವೂ ತಗ್ಗಲಿಲ್ಲ. ಅದೇ ಮಕ್ಕಳ ಲೆಕ್ಕವನ್ನು ಮತ್ತೆ ತೆಗೆದು ನೋಡಿದಾಗ ಕಿಡ್ನಿಗೂ ಲಾಭವಾಗಿರಲಿಲ್ಲ. 2014ರ ಬ್ರಿಟನ್ ಅಧ್ಯಯನದಲ್ಲಿ ಬಿಗಿಯಾಗಿ ಹಿಡಿದ ಗುಂಪಿಗೆ ಡಯಾಲಿಸಿಸ್ ಕಡಿಮೆ ಬೇಕಾಯಿತು, ನಿಜ. ಆದರೆ ಶುಗರ್ ಕುಸಿದ ಮಕ್ಕಳೂ ಆ ಗುಂಪಿನಲ್ಲೇ ಹೆಚ್ಚು. ಮಂಪರಿನಲ್ಲಿ ಮಲಗಿಸಿದ ಕೂಸು ಕೈ ನಡುಗುತ್ತಿದೆ, ಬೆವರುತ್ತಿದೆ ಎಂದು ಹೇಳುತ್ತದೆಯೇ? ಸಕ್ಕರೆ ಸಿಗದ ಮಿದುಳಿಗೆ ಪೆಟ್ಟು ಬೀಳುವುದು ಸದ್ದಿಲ್ಲದೆ. ನನಗಂತೂ ಕೆಲವು ಗಂಟೆಯ 248ಕ್ಕಿಂತ 38ರ ಭಯವೇ ಹೆಚ್ಚು. 180–200 ದಾಟಿ ಇಳಿಯದೇ ನಿಂತರೆ ಮಾತ್ರ ಇನ್ಸುಲಿನ್ ಡ್ರಿಪ್ಪಿನ ಯೋಚನೆ.

ಇನ್ನು ಕಿಡ್ನಿ. ಸಕ್ಕರೆ ಕಾಯಿಲೆಯವರ ಕಿಡ್ನಿ ಕೆಡಲು ವರ್ಷಗಳೇ ಬೇಕು, ಎರಡು ದಿನದಲ್ಲಿ ಕೆಡುವುದಿಲ್ಲ. ಇಲ್ಲಿ ಕಿಡ್ನಿ ಸೊರಗಿದ್ದು ಮೆಷಿನ್ ಮೇಲಿದ್ದ ಹೊತ್ತು ಮತ್ತು ಆಮೇಲೆ ಹೃದಯದ ಪಂಪಿಂಗ್ ಕಡಿಮೆಯಾಗಿ ರಕ್ತ ಸಾಲದೇ ಹೋದದ್ದರಿಂದ. ಶುಗರ್ ಏರಿದ್ದಕ್ಕೂ ಕಾರಣ ಅದೇ ಆಪರೇಷನ್ನಿನ ಒತ್ತಡ. ಒಂದೇ ತಾಯಿಯ ಎರಡು ಮಕ್ಕಳನ್ನು ತಂದೆ-ಮಗ ಮಾಡಬೇಡಿ.

ಕ್ರಿಯಾಟಿನಿನ್ ನಿಧಾನಿ, ಏರುವುದು ಒಂದೆರಡು ದಿನ ತಡವಾಗಿ. ಐಸಿಯುನಲ್ಲಿ ನಾವು ಮೊದಲು ನೋಡುವುದು ನಳಿಕೆಯ ತುದಿಗೆ ಕಟ್ಟಿದ ಮೂತ್ರದ ಚೀಲ. 9 ಕೆ.ಜಿ.ಯ ಮಗು ಗಂಟೆಗೆ ನಾಲ್ಕೂವರೆ ಮಿ.ಲೀ.ಗಿಂತ ಕಡಿಮೆ ಮೂತ್ರವನ್ನು ಆರು ಗಂಟೆ ಮಾಡಿದರೆ ನಮಗೆ ನಿದ್ದೆ ಇಲ್ಲ. ಇನ್ನೊಂದು ಎಚ್ಚರಿಕೆ: ಹಲವು ಲ್ಯಾಬ್‌ಗಳ ರಿಪೋರ್ಟಿನಲ್ಲಿ ಅಚ್ಚಾಗುವ 0.6–1.2 ದೊಡ್ಡವರ ಲೆಕ್ಕ. ಎರಡು ವರ್ಷದ ಮಗುವಿಗೆ 0.2–0.4 ಸಹಜ. 0.9 ಎಂದರೆ ಮೂರು ಪಟ್ಟು! ಅದನ್ನು ‘ನಾರ್ಮಲ್’ ಎಂದು ಓದಿ ಸಮಾಧಾನಪಡುವವರೂ ಇದ್ದಾರೆ.

ಮೂರು ತಿಂಗಳ ಶುಗರ್, ಅಂದರೆ ಎಚ್‌ಬಿಎ1ಸಿ, ಈಗ ಬೇಡ. ಅದು ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ಇಷ್ಟು ಸಣ್ಣ ಮಗುವಿನ ಆಪರೇಷನ್ನಿಗೆ ಸಾಮಾನ್ಯವಾಗಿ ಬೇರೆಯವರ ರಕ್ತ ಬಳಸಿರುತ್ತಾರೆ. ದಾನಿಯ ಶುಗರ್ ಎಷ್ಟಿತ್ತೆಂದು ತಿಳಿಯಲು ನೀವು ದುಡ್ಡು ಕೊಡಬೇಕೇ? ಸಂಶಯವಿದ್ದರೆ ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಒಮ್ಮೆ ನೋಡಿಸಿ, ಸಾಕು. ಆಪರೇಷನ್ ಆಗಿ ಮೂರು ತಿಂಗಳಿಗೆ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಬಿಪಿ ಮೂರನ್ನೂ ತಪ್ಪಿಸಬೇಡಿ. ತೋಳಿಗೆ ಸುತ್ತುವ, ಮಕ್ಕಳ ಅಳತೆಯ ಪಟ್ಟಿ ಇಲ್ಲದ ಕಡೆ ಬಿಪಿ ನೋಡಿಸಿ ಪ್ರಯೋಜನವಿಲ್ಲ.

ಹೆದರಬೇಕಾದ್ದು ಜ್ವರದ ಸಿರಪ್ಪಿಗೆ. ಮೆಡಿಕಲ್ ಶಾಪಿನಲ್ಲಿ ‘ಸ್ಟ್ರಾಂಗ್ ಇರೋದು ಕೊಡಿ’ ಎಂದು ತರುವ ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ಎರಡೂ ಈಗಷ್ಟೇ ಚೇತರಿಸಿದ ಕಿಡ್ನಿಗೆ ಬೇಡ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಡಿ.

ಎಳನೀರು ತಂಪಲ್ಲವೇ, ದಿನಾ ಕೊಡಬಹುದೇ? — ಹೊಸದುರ್ಗ

ತೆಂಗಿನ ಸೀಮೆಯವರಿಗೆ ಇದನ್ನು ಹೇಳುವುದೇ ಕಷ್ಟ. ಒಂದು ಲೋಟ ಎಳನೀರಿನಲ್ಲಿ ಒಂದು ಬಾಳೆಹಣ್ಣಿನಷ್ಟಾದರೂ ಪೊಟ್ಯಾಸಿಯಂ ಇರುತ್ತದೆ. ಮಗು ಸ್ಪೈರನೊಲ್ಯಾಕ್ಟೋನ್ ಅಥವಾ ಎನಲಾಪ್ರಿಲ್ (ಹೃದಯದ ಭಾರ ಇಳಿಸಲು ಕೊಡುವ ಔಷಧಿಗಳು) ತೆಗೆದುಕೊಳ್ಳುತ್ತಿದ್ದರೆ, ಕಿಡ್ನಿ ಪೂರ್ತಿ ಸರಿಹೋಗಿರದಿದ್ದರೆ, ಆ ಪೊಟ್ಯಾಸಿಯಂ ಹೊರಹೋಗದೆ ಹೃದಯದ ಬಡಿತವನ್ನೇ ಕೆಡಿಸಬಹುದು. ಡಾಕ್ಟರು ಒಪ್ಪುವ ತನಕ ಬೇಡ.

ಬಾಳೆದಿಂಡಿನ ರಸ ಕಿಡ್ನಿ ತೊಳೆಯುತ್ತದಂತೆ? — ಜಗಳೂರು

ತೊಳೆಯುವುದಿಲ್ಲ.

ಹೊಟ್ಟೆಗೆ ನಳಿಕೆ ಹಾಕಿ ಡಯಾಲಿಸಿಸ್ ಮಾಡಿದ್ದರು. ಇನ್ನು ಜೀವನಪೂರ್ತಿ ಬೇಕೇ? — ಹರಿಹರ

ಬಹುಪಾಲು ಮಕ್ಕಳಿಗೆ ಕೆಲವೇ ದಿನ. ನಳಿಕೆ ತೆಗೆದೇ ಮನೆಗೆ ಕಳಿಸಿದ್ದಾರೆ ತಾನೇ?

ಆಪರೇಷನ್ನಿನ ಹಿಂದಿನ ಸಂಜೆಯಿಂದಲೇ ಕೂಸಿಗೆ ಹಾಲು ನಿಲ್ಲಿಸಿದರೆ ಒಳ್ಳೆಯದಲ್ಲವೇ? — ಹೊನ್ನಾಳಿ

ಅಲ್ಲ. ಎಳೆಗೂಸಿಗೆ ಶುಗರ್ ಕುಸಿಯುತ್ತದೆ, ಕಿಡ್ನಿಯೂ ಒಣಗುತ್ತದೆ. ಸಾಮಾನ್ಯ ಲೆಕ್ಕ: ಎದೆಹಾಲು ನಾಲ್ಕು ಗಂಟೆ ಮೊದಲು, ಬೇರೆ ಹಾಲು ಆರು ಗಂಟೆ ಮೊದಲು ನಿಲ್ಲಿಸಬೇಕು. ನೀರನ್ನು ಒಂದೆರಡು ಗಂಟೆ ಮೊದಲಿನವರೆಗೂ ಕೊಡಬಹುದು. ನಿಮ್ಮ ಆಸ್ಪತ್ರೆ ಹೇಳಿದ ಹೊತ್ತನ್ನೇ ಪಾಲಿಸಿ. ಸರದಿ ಮುಂದಕ್ಕೆ ಹೋದರೆ ಸುಮ್ಮನೆ ಕೂರಬೇಡಿ, ನರ್ಸ್ ಹತ್ತಿರ ಹೋಗಿ ಈಗೇನು ಕೊಡಬಹುದು ಎಂದು ಕೇಳಿ. ಬೈದರೆ ಬೈಯಲಿ.