ಹೌದು, ಆ ಕೋಚ್ ಅಂಚೆ ಕಚೇರಿಯವರೇ

ಅಂಚೆ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಇಂಡೋನೇಷ್ಯಾದ ಕಿರಿಯರ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದು ನಿಜವಾ ಅಂತ ಕೇಳಿದ್ದೀರಿ. ನಿಜವೇ. ಅವರ ಹೆಸರು ಇಂದ್ರಾ ಸ್ಯಾಫ್ರಿ. ಪಶ್ಚಿಮ ಸುಮಾತ್ರಾದವರು. ಪಿಎಸ್‌ಪಿ ಪಡಾಂಗ್ ಕ್ಲಬ್ಬಿಗೆ ಆಡಿದ್ದರು. ಆಟಗಾರರಾಗಿ ದೊಡ್ಡ ಹೆಸರೇನಲ್ಲ ಬಿಡಿ.

ಕೋಚ್ ಆದ ಮೇಲೆ ಊರೂರು ಸುತ್ತಿ ಹುಡುಗರನ್ನು ಹುಡುಕಿದರು. 2013ರಲ್ಲಿ ಅವರ 19 ವರ್ಷದೊಳಗಿನವರ ತಂಡ ಪೆನಾಲ್ಟಿಯಲ್ಲಿ ವಿಯೆಟ್ನಾಂ ಸೋಲಿಸಿ ಆಗ್ನೇಯ ಏಷ್ಯಾದ ದೇಶಗಳ ಎಎಫ್ಎಫ್ ಕಪ್ ಗೆದ್ದಿತು. ಮುಂದಿನ ತಿಂಗಳೇ ಜಕಾರ್ತದಲ್ಲಿ ದಕ್ಷಿಣ ಕೊರಿಯಾ ವಿರುದ್ಧ 3-2 ಗೆಲುವು. ಮೂರೂ ಗೋಲು ಎವಾನ್ ಡಿಮಾಸ್ ಅವರದ್ದೇ!

ಆದರೆ ನೀವು ನೋಡಲೇಬೇಕಾದದ್ದು ಅವರದೇ ತಂಡ ಆಡಿದ 2023ರ ಸೀ ಗೇಮ್ಸ್ (ಆಗ್ನೇಯ ಏಷ್ಯಾ ಕ್ರೀಡಾಕೂಟ) ಫೈನಲ್. ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ ಥಾಯ್ಲೆಂಡ್ ಮೇಲೆ 2-1 ಮುಂದಿದ್ದಾಗ, ಕೊನೆ ಗಳಿಗೆಯಲ್ಲಿ ರೆಫ್ರಿ ಊದಿದ ಸೀಟಿಯನ್ನು ಇಂಡೋನೇಷ್ಯಾದವರು ಆಟ ಮುಗಿಯಿತು ಅಂದುಕೊಂಡು ಕುಣಿಯತೊಡಗಿದರು. ಅದು ಬರೀ ಫ್ರೀ ಕಿಕ್ ಸೀಟಿ. ಥಾಯ್ಲೆಂಡ್ ಸಮ ಮಾಡಿಯೇಬಿಟ್ಟಿತು! ಆಮೇಲೆ ಎರಡೂ ಕಡೆಯ ಬೆಂಚಿನವರ ನಡುವೆ ಕೈಕೈ ಮಿಲಾಯಿಸಿದ್ದೂ ಆಯ್ತು, ರೆಡ್ ಕಾರ್ಡುಗಳೂ ಬಂದವು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಇಂಡೋನೇಷ್ಯಾ 5-2ರಿಂದ ಗೆದ್ದಿತು. ಆ ಚಿನ್ನಕ್ಕೆ ಇಂಡೋನೇಷ್ಯಾ 1991ರಿಂದ ಕಾದಿತ್ತು.

2024ರಲ್ಲಿ ಮತ್ತೆ 19ರೊಳಗಿನ ಎಎಫ್ಎಫ್ ಕಪ್ ಗೆದ್ದರು. ಏಷ್ಯಾ ಮಟ್ಟದಲ್ಲಿ ಮಾತ್ರ ಇಷ್ಟು ಯಶಸ್ಸು ಸಿಗಲಿಲ್ಲ.