ಬಟನ್‌ಗಳಿಗೆ ಬೆಳಕು ಕೊಡುವ ಎಲ್‌ಇಡಿ ಕಿಟ್ ಹಾಕಿದ ಮೇಲೆ ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ 4 ಗೇಮ್ ಕಂಟ್ರೋಲರ್‌ನಲ್ಲಿ ಚಾರ್ಜ್ ನಿಲ್ಲುತ್ತಿಲ್ಲ, ಯಾಕೆ?

ಆಫ್ ಮಾಡಿಟ್ಟರೂ ಎರಡೇ ದಿನಕ್ಕೆ ಬ್ಯಾಟರಿ ಖಾಲಿ ಅಂದಿರಿ. ಹಾಗಿದ್ದರೆ ಬ್ಯಾಟರಿಯನ್ನು ದೂರುವ ಮೊದಲು ಕಿಟ್‌ನ ವೈರ್ ನೋಡಿ. ಅದನ್ನು ನೇರವಾಗಿ ಬ್ಯಾಟರಿಯ ಪ್ಲಸ್‌ಗೆ ಬೆಸುಗೆ ಹಾಕಿದ್ದರೆ, ಕಂಟ್ರೋಲರ್ ಮಲಗಿದರೂ ಕಿಟ್‌ನ ಚಿಪ್ ಎಚ್ಚರವಾಗಿಯೇ ಇರುತ್ತದೆ. ಬ್ಯಾಟರಿ ಇರುವುದೇ 1000 ಎಂಎಎಚ್. 20 ಮಿಲಿಆಂಪ್ ಸೋರಿದರೂ 50 ಗಂಟೆಗೆ ಮುಗಿಯಿತು.

ಖಾತ್ರಿ ಮಾಡಿಕೊಳ್ಳಲು ಬ್ಯಾಟರಿಯ ಒಂದು ವೈರ್ ಬಿಡಿಸಿ, ನಡುವೆ ಮಲ್ಟಿಮೀಟರನ್ನು ಮಿಲಿಆಂಪ್‌ನಲ್ಲಿಟ್ಟು ಅಳೆಯಿರಿ. (ಈ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಎರಡೂ ತುದಿಗೆ ನೇರವಾಗಿ ಹಿಡಿಯಲೇಬೇಡಿ, ಶಾರ್ಟ್ ಆಗುತ್ತದೆ.) ಕಿಟ್‌ನ ವೈರ್ ಕಿತ್ತ ಕೂಡಲೇ ರೀಡಿಂಗ್ ಇಳಿದರೆ ಕಳ್ಳ ಸಿಕ್ಕಂತೆ. ಆಗ ಕಂಟ್ರೋಲರ್ ಆನ್ ಆದಾಗಷ್ಟೇ ವೋಲ್ಟೇಜ್ ಬರುವ ಜಾಗದಿಂದ ಕಿಟ್‌ಗೆ ಪವರ್ ಕೊಡಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಇದೆಲ್ಲ ಬಿಟ್ಟು ಮೊದಲು ಅದನ್ನು ಬದಲಿಸಿ.