ಹೆಸರು ಗೊತ್ತಿಲ್ಲದ ಹೋಟೆಲಿಗೆ ಎಷ್ಟು ಸವಾಲು ಕೂಗಬೇಕು?

ಪ್ರಶ್ನೆ: ಬರುವ ಬೇಸಿಗೆಯಲ್ಲಿ ನಾವು ದಂಪತಿಗಳು ಅಮೆರಿಕದ ನಾಲ್ಕೈದು ನಗರಗಳನ್ನು ನೋಡಲು ಹೋಗುತ್ತಿದ್ದೇವೆ. ನಾವೇ ಒಂದು ಬೆಲೆ ಹೇಳಿ ಆನ್‌ಲೈನಿನಲ್ಲಿ ಬಿಡ್ ಮಾಡಿದರೆ ಒಳ್ಳೆಯ ಹೋಟೆಲಿನ ರೂಮು ಅರ್ಧ ಬೆಲೆಗೆ ಸಿಗುತ್ತದೆ ಎಂದು, ಅಲ್ಲಿ ಬಹಳ ವರ್ಷ ಇದ್ದು ಬಂದ ನಮ್ಮ ಭಾವ ಹೇಳುತ್ತಾರೆ. ಈ ಪದ್ಧತಿ ಈಗಲೂ ಇದೆಯೇ? ಎಷ್ಟರಿಂದ ಆರಂಭಿಸಬೇಕು? ಹೋಟೆಲಿನವರು ಅಷ್ಟು ಕಡಿಮೆಗೆ ಕೊಡುವುದಾದರೂ ಏಕೆ?

ಉತ್ತರ: ನಿಮ್ಮ ಭಾವನವರ ಮನಸ್ಸಿನಲ್ಲಿರುವುದು ಪ್ರೈಸ್‌ಲೈನ್ ಕಂಪನಿಯ ‘ನೇಮ್ ಯುವರ್ ಓನ್ ಪ್ರೈಸ್’ ಇರಬೇಕು. ಜೇ ವಾಕರ್ ಸ್ಥಾಪಿಸಿದ ಈ ಜಾಲತಾಣ 1998ರಲ್ಲಿ ಮೊದಲು ವಿಮಾನದ ಟಿಕೆಟುಗಳಿಗೂ ಅನಂತರ ಹೋಟೆಲ್ ರೂಮುಗಳಿಗೂ ಗ್ರಾಹಕನೇ ಬೆಲೆ ಹೇಳುವ ವ್ಯವಸ್ಥೆಯನ್ನು ತಂದಿತು. ಅದೇ ವರ್ಷ ಆ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಕೂಡ ದೊರೆಯಿತು. ಆಗ ಮೈಕ್ರೋಸಾಫ್ಟ್‌ಗೆ ಸೇರಿದ್ದ ಪ್ರಯಾಣ ಬುಕಿಂಗ್ ತಾಣ ಎಕ್ಸ್‌ಪೀಡಿಯಾ ಇದನ್ನೇ ಹೋಲುವ ಸೇವೆಯನ್ನು ಆರಂಭಿಸಿದಾಗ 1999ರಲ್ಲಿ ಪ್ರೈಸ್‌ಲೈನ್ ಮೊಕದ್ದಮೆ ಹೂಡಿತು, 2001ರಲ್ಲಿ ರಾಜಿಯಾಯಿತು. ವಿಮಾನದ ಟಿಕೆಟುಗಳಿಗೆ ಬಿಡ್ ಮಾಡುವ ಸೌಲಭ್ಯವನ್ನು ಕಂಪನಿ 2016ರಲ್ಲಿ ನಿಲ್ಲಿಸಿತು, ಮುಂದೆ ಹೋಟೆಲ್ ರೂಮುಗಳ ಬಿಡ್ ಸಹ ನಿಂತಿತು. ಭಾವನವರು ಬೆಲೆ ಬರೆಯುತ್ತಿದ್ದ ಆ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋದರೆ ಈಗ ನಿಮಗೆ ಅದು ಸಿಗುವುದಿಲ್ಲ.

ಹಾಗೆಂದು ಅಗ್ಗದ ರೂಮುಗಳು ಮಾಯವಾಗಿಲ್ಲ. ಬಿಡ್ ಪದ್ಧತಿಯ ಜೀವಾಳವಾಗಿದ್ದ ಒಂದು ಅಂಶ, ಅಂದರೆ ಹಣ ಕಟ್ಟುವವರೆಗೆ ಹೋಟೆಲಿನ ಹೆಸರನ್ನು ಮುಚ್ಚಿಡುವ ಕ್ರಮ, ಇಂದಿಗೂ ಉಳಿದಿದೆ. ಪ್ರೈಸ್‌ಲೈನಿನ ‘ಎಕ್ಸ್‌ಪ್ರೆಸ್ ಡೀಲ್ಸ್’, 2000ದಲ್ಲಿ ಆರಂಭವಾದ ಹಾಟ್‌ವೈರ್‌ನ ‘ಹಾಟ್ ರೇಟ್’, ಬ್ರಿಟನ್ನಿನ ಲಾಸ್ಟ್‌ಮಿನಿಟ್ ತಾಣದ ‘ಟಾಪ್ ಸೀಕ್ರೆಟ್’ ಹೋಟೆಲುಗಳು ಇವೆಲ್ಲ ಈ ಬಗೆಯವು. ಇಲ್ಲಿ ಬೆಲೆ ನಿಗದಿಯಾಗಿರುತ್ತದೆ. ಯಾವ ಬಡಾವಣೆ, ಎಷ್ಟು ಸ್ಟಾರ್, ಏನೇನು ಸೌಕರ್ಯ ಎಂಬುದು ತಿಳಿಯುತ್ತದೆ. ಯಾವ ಹೋಟೆಲ್ ಎಂಬುದು ಮಾತ್ರ ಕಾರ್ಡಿನಿಂದ ಹಣ ಹೋದ ಮೇಲೆ ತಿಳಿಯುತ್ತದೆ. ಗ್ರಾಹಕರು ಬೆಲೆ ಸೂಚಿಸುವ ಸಣ್ಣ ತಾಣಗಳೂ ಆಗಾಗ ಹುಟ್ಟಿಕೊಳ್ಳುತ್ತವೆ, ಕೆಲವು ಬೇಗನೆ ಮುಚ್ಚಿಹೋಗುತ್ತವೆ.

ಹೋಟೆಲಿನವರು ಏಕೆ ಒಪ್ಪುತ್ತಾರೆ ಎಂಬ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಎಷ್ಟು ಬಿಡ್ ಮಾಡಬೇಕೆಂಬುದಕ್ಕೂ ಉತ್ತರ ಅದರಲ್ಲೇ ಇದೆ. ಇಂದು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರಲು ಬರುವುದಿಲ್ಲ. ಕಟ್ಟಡದ ಸಾಲ, ಸಿಬ್ಬಂದಿಯ ಸಂಬಳ, ವಿಮೆ ಇವೆಲ್ಲ ರೂಮು ತುಂಬಿದರೂ ಖಾಲಿಯಿದ್ದರೂ ಕಟ್ಟಬೇಕಾದವೇ; ಒಬ್ಬ ಅತಿಥಿ ಬಂದುದರಿಂದ ಹೆಚ್ಚಾಗುವ ಖರ್ಚೆಂದರೆ ರೂಮು ಶುಚಿಗೊಳಿಸುವ ಕೂಲಿ, ಹೊದಿಕೆ ಒಗೆಯುವ ವೆಚ್ಚ, ಒಂದಿಷ್ಟು ನೀರು ಮತ್ತು ವಿದ್ಯುತ್ತು, ಕಾರ್ಡ್ ಕಂಪನಿಯ ಶುಲ್ಕ, ಮಧ್ಯವರ್ತಿಯ ಪಾಲು ಇಷ್ಟೇ. ಇದಕ್ಕಿಂತ ಮೇಲೆ ಎಷ್ಟು ಬಂದರೂ ಲಾಭವೇ. ಆದರೆ ಆ ಕಡಿಮೆ ಬೆಲೆಯನ್ನು ತನ್ನ ಹೆಸರಿನೊಂದಿಗೆ ಬಹಿರಂಗವಾಗಿ ಪ್ರಕಟಿಸಿದರೆ, 200 ಡಾಲರ್ ಕೊಡಲು ಸಿದ್ಧರಿದ್ದ ಗ್ರಾಹಕರೂ ವರ್ಷಾವಧಿ ಒಪ್ಪಂದ ಮಾಡಿಕೊಂಡ ಕಂಪನಿಗಳೂ ಅದೇ ಬೆಲೆಯನ್ನು ಕೇಳತೊಡಗುತ್ತಾರೆ. ಹೆಸರನ್ನು ಮುಚ್ಚಿಟ್ಟರೆ ಈ ತೊಂದರೆ ಬಹಳಮಟ್ಟಿಗೆ ತಪ್ಪುತ್ತದೆ. ಇಂಥದೇ ಹೋಟೆಲ್ ಬೇಕು ಎನ್ನುವ ಗ್ರಾಹಕ ಪೂರ್ತಿ ಬೆಲೆ ಕೊಡುತ್ತಾನೆ, ಯಾವುದಾದರೂ ಸರಿ ಎನ್ನುವವನು ಉಳಿದ ರೂಮಿಗೆ ಬರುತ್ತಾನೆ. ನಿಮಗೆ ಸಿಗುವ ರಿಯಾಯಿತಿ ಎಂದರೆ ಹೋಟೆಲನ್ನು ಆರಿಸುವ ಹಾಗೂ ಬುಕಿಂಗ್ ರದ್ದುಪಡಿಸುವ ಹಕ್ಕನ್ನು ಬಿಟ್ಟುಕೊಟ್ಟುದಕ್ಕೆ ಸಂದ ಬೆಲೆ. ಆ ಹಕ್ಕುಗಳಿಂದ ನಿಮಗೆ ಪ್ರಯೋಜನವಿದ್ದರೆ ಈ ರಿಯಾಯಿತಿ ನಿಜವಾಗಿ ಅಗ್ಗವಲ್ಲ.

ಗ್ರಾಹಕನೇ ಬೆಲೆ ಹೇಳುವ ಬಿಡ್ ಪದ್ಧತಿಯನ್ನು ಹರಾಜು ಎಂದು ಕರೆಯುವುದು ರೂಢಿಯಾದರೂ, ನಮ್ಮ ಊರುಗಳಲ್ಲಿ ಸವಾಲು ಕೂಗುವಂತೆ ಇಲ್ಲಿ ನಿಮ್ಮ ಎದುರು ಇನ್ನೊಬ್ಬ ಕೂಗುವವನು ಇರುವುದಿಲ್ಲ. ಆ ದಿನಾಂಕಕ್ಕೆ ನೀವು ಆರಿಸಿದ ವಲಯದ, ಅಂದರೆ ನಗರದ ಆ ಭಾಗದ, ಹೋಟೆಲುಗಳು ತಾಣಕ್ಕೆ ಗುಟ್ಟಾಗಿ ಕೊಟ್ಟಿರುವ ಕನಿಷ್ಠ ದರಗಳೇ ನಿಮ್ಮ ಎದುರಾಳಿ. ನೀವು ಹೇಳಿದ ಬೆಲೆಯಲ್ಲಿ ತನ್ನ ಪಾಲನ್ನು ಕಳೆದು ಉಳಿದದ್ದು ಅಂಥ ಯಾವುದಾದರೂ ಒಂದು ದರಕ್ಕೆ ಸರಿಹೊಂದಿದರೆ ತಾಣ ಒಪ್ಪಿಕೊಳ್ಳುತ್ತದೆ. ಹೋಟೆಲ್ 80 ಡಾಲರಿಗೆ ಒಪ್ಪಿದ್ದ ರೂಮಿಗೆ ನೀವು 130 ಹೇಳಿದರೆ ನಡುವಿನ 50 ಡಾಲರ್ ಮಧ್ಯವರ್ತಿಗೆ ಸೇರುತ್ತದೆ, ಒಂದು ಡಾಲರೂ ನಿಮಗೆ ಹಿಂದಿರುಗುವುದಿಲ್ಲ. ಹೆಚ್ಚು ಹೇಳಿ ಒಳ್ಳೆಯ ಹೋಟೆಲ್ ಪಡೆಯೋಣ ಎಂಬ ಲೆಕ್ಕಾಚಾರವೂ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಹೆಚ್ಚು ಕೊಟ್ಟವರಿಗೆ ಹೆಚ್ಚು ಉತ್ತಮವಾದುದನ್ನು ಕೊಡಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ.

ಆದ್ದರಿಂದ ಕೆಳಗಿನಿಂದ ಏರುತ್ತ ಹೋಗುವುದೇ ಸರಿಯಾದ ಕ್ರಮ. ಇದು ಗೊತ್ತಿದ್ದುದರಿಂದಲೇ ಪ್ರೈಸ್‌ಲೈನ್ ಒಂದು ತಡೆಯನ್ನು ಇಟ್ಟಿತ್ತು: ಒಮ್ಮೆ ಬಿಡ್ ತಿರಸ್ಕೃತವಾದರೆ ಅದೇ ವಲಯ, ಅದೇ ಸ್ಟಾರ್, ಅದೇ ದಿನಾಂಕಗಳಿಗೆ ಮತ್ತೆ ಬಿಡ್ ಮಾಡಲು 24 ಗಂಟೆ ಕಾಯಬೇಕಿತ್ತು, ಇನ್ನೊಂದು ವಲಯವನ್ನು ಸೇರಿಸಿದರೆ ಅಥವಾ ಸ್ಟಾರ್ ಇಳಿಸಿದರೆ ಮಾತ್ರ ಕೂಡಲೇ ಬಿಡ್ ಮಾಡಬಹುದಿತ್ತು. ಪಳಗಿದವರು ಈ ನಿಯಮದಲ್ಲೇ ಒಂದು ಕಿಂಡಿಯನ್ನು ಕಂಡುಕೊಂಡರು. ನಿಮಗೆ ನಗರದ ನಡುವಿನ ನಾಲ್ಕು ಸ್ಟಾರ್ ಹೋಟೆಲ್ ಬೇಕು ಎಂದಿಟ್ಟುಕೊಳ್ಳಿ. ನಾಲ್ಕು ಸ್ಟಾರ್ ಹೋಟೆಲುಗಳೇ ಇಲ್ಲದ ಮೂರು ವಲಯಗಳು ಅದೇ ನಗರದಲ್ಲಿದ್ದರೆ, ಒಂದೊಂದು ಸಲವೂ ಅವುಗಳಲ್ಲಿ ಒಂದನ್ನು ಸೇರಿಸುತ್ತ, ಬೆಲೆಯನ್ನು ತುಸು ಏರಿಸುತ್ತ, ಒಂದೇ ದಿನದಲ್ಲಿ ನಾಲ್ಕು ಸಲ ಬಿಡ್ ಮಾಡಬಹುದಿತ್ತು. ಆ ಹೊಸ ವಲಯಗಳಲ್ಲಿ ನೀವು ಕೇಳಿದ ದರ್ಜೆಯ ಹೋಟೆಲ್ ಇಲ್ಲದ ಕಾರಣ ದೂರದ ಮೂಲೆಗೆ ಹೋಗಿ ಬೀಳುವ ಭಯವಿರಲಿಲ್ಲ. ಬೆಲೆ ಸೂಚಿಸುವ ಯಾವುದೇ ತಾಣದಲ್ಲಿ ವ್ಯವಹರಿಸುವ ಮುನ್ನ ಮರುಬಿಡ್ ನಿಯಮವನ್ನು ಮೊದಲು ಓದಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಎಷ್ಟು ಸಲ ಅವಕಾಶವಿದೆ ಎಂಬುದರ ಮೇಲೆ ನಿಮ್ಮ ಮೊದಲ ಮೆಟ್ಟಿಲು ಎಷ್ಟು ಕೆಳಗಿರಬೇಕು ಎಂಬುದು ನಿರ್ಧಾರವಾಗುತ್ತದೆ.

ಮೇಲಿನ ಮಿತಿಯನ್ನು ಗೊತ್ತುಮಾಡಿಕೊಳ್ಳುವುದು ಇನ್ನೂ ಸುಲಭ. ಅದೇ ದಿನಾಂಕ, ಅದೇ ಬಡಾವಣೆ, ಅದೇ ಸ್ಟಾರ್‌ನ ರೂಮು ಹೆಸರು ಮುಚ್ಚಿದ ನಿಗದಿ ಬೆಲೆಯ ತಾಣದಲ್ಲಿ 140 ಡಾಲರಿಗೆ ಕಾಣುತ್ತಿದ್ದರೆ ನಿಮ್ಮ ಬಿಡ್ ಯಾವ ಕಾರಣಕ್ಕೂ 140 ದಾಟಬಾರದು. 90ಕ್ಕೋ 100ಕ್ಕೋ ಆರಂಭಿಸಿ 10 ಡಾಲರಿನಂತೆ ಏರಿ, 130ಕ್ಕೂ ಆಗದಿದ್ದರೆ ಆ 140ರದನ್ನೇ ಕೊಳ್ಳಬಹುದು. ಲಾಸ್ ವೇಗಸ್‌ನಲ್ಲಿ ಜನವರಿಯ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳ ನಡೆಯುವಂಥ ದಿನಗಳಲ್ಲಿ ಮಾತ್ರ ಈ ಶ್ರಮವೇ ವ್ಯರ್ಥ. ಪೂರ್ತಿ ಬೆಲೆಗೇ ರೂಮುಗಳು ತುಂಬುವಾಗ ಗುಟ್ಟಿನ ದರಕ್ಕೆ ಯಾವ ಹೋಟೆಲೂ ರೂಮು ಬಿಡುವುದಿಲ್ಲ.

ಇನ್ನೊಂದು ಮುಖ್ಯ ಸಲಹೆ. ಬಿಡ್ ಮಾಡುವ ಮುನ್ನವೇ, ಉಚಿತವಾಗಿ ರದ್ದುಪಡಿಸಬಹುದಾದ ಒಂದು ಸಾಮಾನ್ಯ ರೂಮನ್ನು ಕಾಯ್ದಿರಿಸಿಟ್ಟುಕೊಳ್ಳಿ. ಪ್ರಯಾಣದ ದಿನ ಹತ್ತಿರವಾದಂತೆ ಖಾಲಿ ರೂಮುಗಳ ಬೆಲೆ ಇಳಿಯಬಹುದು, ಏರಲೂಬಹುದು; ಕೈಯಲ್ಲಿ ಒಂದು ರೂಮು ಇದ್ದವರಿಗೆ ಮಾತ್ರ ನಿಶ್ಚಿಂತೆಯಿಂದ ಕಾಯಲು ಸಾಧ್ಯ. ಅಗ್ಗದ್ದು ಸಿಕ್ಕ ಕೂಡಲೇ ಹಳೆಯದನ್ನು ರದ್ದುಪಡಿಸಿ. ಆ ಗಡುವನ್ನು ಹೋಟೆಲ್ ಇರುವ ಊರಿನ ಸಮಯಕ್ಕೆ ಲೆಕ್ಕ ಹಾಕುವುದು ಸಾಮಾನ್ಯವಾದ್ದರಿಂದ ಗಡಿಯಾರದ ವ್ಯತ್ಯಾಸವನ್ನು ಮರೆಯಬೇಡಿ.

ಪ್ರಶ್ನೆ: ನ್ಯೂಯಾರ್ಕಿನಲ್ಲಿ ರಾತ್ರಿಗೆ 120 ಡಾಲರ್ ಎಂದು ಮೂರು ರಾತ್ರಿಗೆ ಹೆಸರಿಲ್ಲದ ರೂಮು ತೆಗೆದುಕೊಂಡೆವು. ಕೊನೆಗೆ ಲೆಕ್ಕ ನೋಡಿದರೆ 500 ಡಾಲರಿಗೂ ಮಿಕ್ಕಿತ್ತು. ನಾವು ಮೋಸ ಹೋದೆವೇ?

ಉತ್ತರ: ಬಿಲ್ಲನ್ನು ನೋಡದೆ ಮೋಸ ಎನ್ನಲಾರೆ, ಏಕೆಂದರೆ ಅಷ್ಟು ಮೊತ್ತವಾಗಲು ಮೋಸವೇ ಬೇಕಾಗಿಲ್ಲ. ನ್ಯೂಯಾರ್ಕ್ ನಗರದಲ್ಲಿ ಹೋಟೆಲ್ ರೂಮಿನ ಮೇಲೆ ಎಲ್ಲ ತೆರಿಗೆಗಳೂ ಸೇರಿ ಶೇ. 14.75, ಅದರ ಮೇಲೆ ರಾತ್ರಿಗೆ 3.50 ಡಾಲರ್ ನಿಗದಿತ ಶುಲ್ಕ ಇವೆ. ಮೂರು ರಾತ್ರಿಗೆ 360 ಡಾಲರ್ ಎಂದರೆ ಶೇಕಡಾವಾರು ತೆರಿಗೆ 53.10, ನಿಗದಿತ ಶುಲ್ಕ 10.50, ಒಟ್ಟು 423.60 ಆಯಿತು. ಹೋಟೆಲು ತನ್ನ ಸೌಕರ್ಯಗಳಿಗೆಂದು ‘ಡೆಸ್ಟಿನೇಷನ್ ಫೀ’ ಅಥವಾ ‘ರೆಸಾರ್ಟ್ ಫೀ’ ಎಂಬ ಹೆಸರಿನಲ್ಲಿ ರಾತ್ರಿಗೆ 35 ಡಾಲರ್ ಕಡ್ಡಾಯವಾಗಿ ಕೇಳಿತು ಎಂದಿಟ್ಟುಕೊಂಡರೆ, ಅದರ ಮೇಲಿನ ತೆರಿಗೆಯನ್ನು ಬಿಟ್ಟರೂ ಇನ್ನೂ 105 ಸೇರಿ 528.60 ಆಗುತ್ತದೆ. ನಿಮ್ಮ 120ರ ರೂಮು ರಾತ್ರಿಗೆ 176 ಡಾಲರಿನದಾಯಿತು. ತಾಣ ತನ್ನ ಸೇವಾ ಶುಲ್ಕವನ್ನು ಬೇರೆ ಹಾಕಿದ್ದರೆ ಇನ್ನೂ ಹೆಚ್ಚು.

ಈಜುಕೊಳವನ್ನೇ ಮುಟ್ಟದವರಿಂದಲೂ ‘ರೆಸಾರ್ಟ್ ಫೀ’ ವಸೂಲು ಮಾಡುವ ಈ ಪದ್ಧತಿ ನನಗೆ ಎಂದೂ ನ್ಯಾಯವೆನಿಸಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತಂದ ನಿಯಮ 2025ರ ಮೇ 12ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅಲ್ಪಾವಧಿ ವಸತಿಯ ಬೆಲೆಯನ್ನು ಪ್ರಕಟಿಸುವವರು ಕಡ್ಡಾಯ ಶುಲ್ಕಗಳನ್ನು ಮೊದಲೇ ಒಟ್ಟು ಬೆಲೆಯಲ್ಲಿ ಸೇರಿಸಿ ತೋರಿಸಬೇಕು. ಸರ್ಕಾರದ ತೆರಿಗೆಯನ್ನು ಮಾತ್ರ ಅದರಿಂದ ಹೊರಗಿಡಬಹುದು. ಈ ನಿಯಮ ಶುಲ್ಕವನ್ನು ನಿಷೇಧಿಸಿಲ್ಲ, ಮರೆಮಾಡುವುದನ್ನು ನಿಷೇಧಿಸಿದೆ. ನಿಮ್ಮ ಬುಕಿಂಗ್ ಈ ದಿನಾಂಕದ ಅನಂತರದ್ದಾಗಿದ್ದು, ಶುಲ್ಕದ ವಿಷಯ ಹೋಟೆಲಿನ ಕೌಂಟರಿನಲ್ಲಷ್ಟೇ ತಿಳಿದಿದ್ದರೆ, ಬುಕಿಂಗ್ ಪುಟದ ಚಿತ್ರದೊಂದಿಗೆ ಆ ಆಯೋಗಕ್ಕೆ ದೂರು ಕೊಡಬಹುದು. ಮುಂದೆ ಬೆಲೆ ಹೋಲಿಸುವಾಗ ಮಾತ್ರ ರಾತ್ರಿಯ ದರವನ್ನು ಬದಿಗಿಟ್ಟು, ಹಣ ಕಟ್ಟುವ ಕೊನೆಯ ಪುಟದ ಒಟ್ಟು ಮೊತ್ತವನ್ನೇ ಹೋಟೆಲಿನ ಸ್ವಂತ ತಾಣದ ಒಟ್ಟು ಮೊತ್ತದೊಂದಿಗೆ ಹೋಲಿಸಿ. ಬೆಳಗಿನ ಉಪಾಹಾರ, ಕಾರು ನಿಲುಗಡೆ ಇವು ಸೇರಿವೆಯೇ ಎಂಬುದನ್ನೂ ನೋಡಿ. ಇಷ್ಟಾದ ಮೇಲೂ ಶೇ. 20ರಷ್ಟಾದರೂ ಉಳಿಯದಿದ್ದರೆ, ಹೆಸರು ತಿಳಿಯದ, ರದ್ದುಪಡಿಸಲಾಗದ ರೂಮನ್ನು ನಾನಂತೂ ಕೊಳ್ಳುವುದಿಲ್ಲ.

ಪ್ರಶ್ನೆ: ಇಬ್ಬರು ಮಕ್ಕಳೊಂದಿಗೆ ಹೋಗುತ್ತೇವೆ. ಇಂಥ ರೂಮಿನಲ್ಲಿ ನಾಲ್ವರಿಗೂ ಮಲಗಲು ಜಾಗ ಸಿಗುತ್ತದೆಯೇ?

ಉತ್ತರ: ಸಿಗುತ್ತದೆಂಬ ಭರವಸೆಯಿಲ್ಲ. ಹೆಸರು ಮುಚ್ಚಿ ಮಾರುವ ರೂಮು ಸಾಮಾನ್ಯವಾಗಿ ಇಬ್ಬರು ದೊಡ್ಡವರ ಲೆಕ್ಕದ್ದು. ಒಂದು ದೊಡ್ಡ ಹಾಸಿಗೆಯೋ ಎರಡು ಹಾಸಿಗೆಗಳೋ ಎಂಬುದನ್ನು ಹೋಟೆಲು ಅಂದಿನ ಲಭ್ಯತೆ ನೋಡಿ ನಿರ್ಧರಿಸುತ್ತದೆ. ಹಾಸಿಗೆಯ ವಿವರವನ್ನು ಬುಕಿಂಗ್‌ಗೆ ಮೊದಲೇ ಸ್ಪಷ್ಟವಾಗಿ ತೋರಿಸುವ ಕೊಡುಗೆಗಳೂ ಇರುತ್ತವೆ, ನೀವು ಕೊಳ್ಳುವುದಾದರೆ ಅಂಥವನ್ನೇ ಕೊಳ್ಳಿ. ಈಗಾಗಲೇ ಕೊಂಡಿದ್ದರೆ, ಹೆಸರು ತಿಳಿದ ದಿನವೇ ತಾಣದ ಸಹಾಯವಾಣಿಯ ಬದಲು ನೇರವಾಗಿ ಹೋಟೆಲಿಗೆ ಫೋನ್ ಮಾಡಿ, ಇಷ್ಟು ಜನ ಬರುತ್ತೇವೆ, ಎರಡು ಹಾಸಿಗೆಗಳ ರೂಮು ಬೇಕು ಎಂದು ಕೇಳಿ. ಬರುವ ದಿನ ಬೆಳಿಗ್ಗೆ ಇನ್ನೊಮ್ಮೆ ನೆನಪಿಸಿ. ಹೆಚ್ಚುವರಿ ಮಡಿಸುವ ಮಂಚವನ್ನು ನಂಬಿಕೊಳ್ಳಬೇಡಿ; ಚಿಕ್ಕ ರೂಮುಗಳಲ್ಲಿ ಅಗ್ನಿಸುರಕ್ಷತೆಯ ಕಾರಣಕ್ಕೆ ಅದನ್ನು ಹಾಕಲು ಒಪ್ಪದ ಹೋಟೆಲುಗಳಿವೆ. ಎರಡು ರೂಮು ತೆಗೆದುಕೊಂಡರೂ ಅವು ಅಕ್ಕಪಕ್ಕದಲ್ಲೇ ಇರುತ್ತವೆಂದು ಹೇಳಲಾಗದು. ಚಿಕ್ಕ ಮಕ್ಕಳಿರುವವರು, ಗಾಲಿಕುರ್ಚಿ ಬಳಸುವವರು, ತಡರಾತ್ರಿ ತಲುಪುವವರು ಇವರೆಲ್ಲರಿಗೂ ಹೆಸರು ಗೊತ್ತಿರುವ ಹೋಟೆಲೇ ಮೇಲು.

ಪ್ರಶ್ನೆ: ಹಣ ಕಟ್ಟುವ ಮೊದಲೇ ಹೋಟೆಲಿನ ಹೆಸರನ್ನು ಊಹಿಸಲು ದಾರಿಯಿದೆಯೇ? ಹಾಗೆ ಮಾಡುವುದು ತಪ್ಪೇ?

ಉತ್ತರ: ದಾರಿಯಿದೆ, ತಪ್ಪೇನೂ ಅಲ್ಲ. ಮುಚ್ಚಿದ ಕೊಡುಗೆಯಲ್ಲಿ ಬಡಾವಣೆ, ಸ್ಟಾರ್, ಅತಿಥಿಗಳು ಕೊಟ್ಟ ಅಂಕ, ಈಜುಕೊಳ, ವ್ಯಾಯಾಮಶಾಲೆ, ಸಾಕುಪ್ರಾಣಿಗಳಿಗೆ ಅವಕಾಶ ಮುಂತಾದ ವಿವರಗಳು ಇರುತ್ತವೆ. ಅದೇ ತಾಣದಲ್ಲಿ ಹೆಸರು ತೋರಿಸುವ ಪಟ್ಟಿಯನ್ನು ಇವೇ ವಿವರಗಳಿಂದ ಸೋಸಿದರೆ ಅನೇಕ ಸಲ ಎರಡು ಮೂರು ಹೋಟೆಲುಗಳು ಮಾತ್ರ ಉಳಿಯುತ್ತವೆ. ಪ್ರೈಸ್‌ಲೈನಿನ ‘ಪ್ರೈಸ್‌ಬ್ರೇಕರ್ಸ್’ ಎಂಬ ಕೊಡುಗೆಯಲ್ಲಂತೂ ತಾಣವೇ ಮೂರು ಹೋಟೆಲುಗಳನ್ನು ಹೆಸರಿಸಿ, ಇವುಗಳಲ್ಲಿ ಒಂದು ಸಿಗುತ್ತದೆ ಎನ್ನುತ್ತದೆ. ಊಹಿಸಿದ್ದರಲ್ಲಿ ಅತ್ಯಂತ ಕೆಟ್ಟದ್ದು ಬಂದರೂ ಇರಬಲ್ಲೆವು ಎನಿಸಿದರೆ ಮುಂದುವರಿಯಿರಿ. ಊಹೆ ತಪ್ಪಾಯಿತೆಂದು ಹಣ ಹಿಂದಿರುಗುವುದಿಲ್ಲ.

ಪ್ರಶ್ನೆ: ಮಾಮೂಲು ಬೆಲೆಗೇ ರೂಮು ಕಾಯ್ದಿರಿಸಿದ ಮೇಲೆ ಹೋಟೆಲಿನಿಂದ ಮೇಲ್ ಬಂದಿದೆ. ಇನ್ನಷ್ಟು ದೊಡ್ಡ ರೂಮಿಗೆ ಬಿಡ್ ಮಾಡಿ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ಮಾಡಬಹುದು. ಇಂದು ಹೋಟೆಲ್ ಲೋಕದಲ್ಲಿ ಬಿಡ್ ಎಂಬುದು ಉಳಿದಿರುವುದು ಹೆಚ್ಚಾಗಿ ಇಂಥ ಮೇಲ್ದರ್ಜೆಯ ಕೋರಿಕೆಗಳಲ್ಲೇ. ಇಲ್ಲಿ ಹೋಟೆಲ್ ನಿಮಗೆ ಗೊತ್ತು, ಒಪ್ಪದಿದ್ದರೆ ಹಳೆಯ ರೂಮು ನಿಮ್ಮದೇ, ಆದ್ದರಿಂದ ಅಪಾಯ ಕಡಿಮೆ. ಮೊದಲು ನಿಮ್ಮ ದಿನಾಂಕಗಳಿಗೆ ಆ ದೊಡ್ಡ ರೂಮಿನ ತೆರೆದ ಬೆಲೆ ಎಷ್ಟಿದೆ ನೋಡಿ, ವ್ಯತ್ಯಾಸದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೇಳಬೇಡಿ. ಕನಿಷ್ಠ ಮೊತ್ತವನ್ನೇ ಅದಕ್ಕಿಂತ ಮೇಲೆ ಇಟ್ಟಿದ್ದರೆ ಬಿಟ್ಟುಬಿಡಿ. ನೀವು ಹೇಳುವ ಮೊತ್ತ ಒಂದು ರಾತ್ರಿಗೋ ಇಡೀ ವಾಸ್ತವ್ಯಕ್ಕೋ ಎಂಬುದನ್ನು ಎರಡು ಸಲ ಓದಿಕೊಳ್ಳಿ, ಏಕೆಂದರೆ ಐದು ರಾತ್ರಿ ತಂಗುವವರಿಗೆ 30 ಡಾಲರ್ ಎಂಬುದು 150 ಆಗಿಬಿಡುತ್ತದೆ. ಹೋಟೆಲು ಒಪ್ಪಿದ ಕೂಡಲೇ ಕಾರ್ಡಿಗೆ ಹಣ ಬೀಳುತ್ತದೆಯೇ, ಒಪ್ಪುವ ಮೊದಲು ಬಿಡ್ ಹಿಂತೆಗೆದುಕೊಳ್ಳಲು ಎಷ್ಟು ಹೊತ್ತಿನ ಅವಕಾಶವಿದೆ, ಮುಂದೆ ಇಡೀ ಬುಕಿಂಗ್ ರದ್ದುಪಡಿಸಿದರೆ ಈ ಹೆಚ್ಚುವರಿ ಹಣ ಹಿಂದೆ ಬರುತ್ತದೆಯೇ ಎಂಬ ಮೂರಕ್ಕೂ ಆ ಮೇಲ್‌ನ ಕೊನೆಯಲ್ಲಿರುವ ಷರತ್ತುಗಳಲ್ಲಿ ಉತ್ತರವಿರಬೇಕು. ಇಲ್ಲದಿದ್ದರೆ ಹೋಟೆಲಿಗೆ ಬರೆದು ಕೇಳಿ, ಲಿಖಿತ ಉತ್ತರ ಬಂದ ಮೇಲೆ ಬಿಡ್ ಮಾಡಿ.